ತೊಗರಿ ಹೊಲದ ಜೇನು ಮತ್ತು ನಮ್ಮ ನೆನಪಿನ ಶಕ್ತಿ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ತೊಗರಿ ಹೂವಿಗೆ ಬಂತೆಂದರೆ ವೈದ್ಯರಾದ ನಮಗೆ ಅದು ಆಸ್ಪತ್ರೆಯಲ್ಲೇ ತಿಳಿಯುತ್ತದೆ. ತಲೆನೋವು, ವಾಕರಿಕೆ, ಕಣ್ಣು ಮಂಜು, ಕೈ ನಡುಕ ಎಂದು ಬರುವವರು ಹೆಚ್ಚುತ್ತಾರೆ. ವಿಚಾರಿಸಿದರೆ ಹಿಂದಿನ ದಿನ ಕಾಯಿಕೊರಕ ಹುಳಕ್ಕೆ ಎಣ್ಣೆ ಹೊಡೆದಿರುತ್ತಾರೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ರೂಢಿಯ ಹೆಸರು.

ಹೀಗೆ ಬಂದಿದ್ದ ಮಧ್ಯವಯಸ್ಸಿನ ರೈತರೊಬ್ಬರು ಔಷಧಿ ಚೀಟಿ ಕೈಯಲ್ಲಿ ಹಿಡಿದುಕೊಂಡು ಒಂದು ಪ್ರಶ್ನೆ ಕೇಳಿದರು: "ಡಾಕ್ಟರ್ ಸಾಹೇಬ್ರ, ಎಣ್ಣಿ ಹೊಡದು ಬಂದ್ರ ಎರಡು ದಿನ ತಲಿ ಕೆಲಸಾನೇ ಮಾಡಂಗಿಲ್ರಿ. ರೊಕ್ಕ ಯಾರಿಗಿ ಕೊಟ್ಟೀನಿ ಅಂಬೋದೇ ನೆಪ್ಪ ಇರಂಗಿಲ್ಲ. ಎಣ್ಣಿ ಇರೋದು ಹುಳಾ ಸಾಯ್ಲಿಕ್ಕ. ನನ್ನ ತಲಿಗಿ ಅದಕ್ಕ ಏನು ಸಂಬಂಧ?"

ಪ್ರಶ್ನೆ ಬಹಳ ಸರಿಯಾದದ್ದು. ಇದಕ್ಕೆ ಉತ್ತರ ಬೇಕಾದರೆ ಮೊದಲು ಹುಳದ ತಲೆಯೊಳಗೆ ಏನಿದೆ ಎಂಬುದನ್ನು ತಿಳಿಯಬೇಕು. ಅಲ್ಲಿ ಇರುವುದು ನಮ್ಮ ತಲೆಯಲ್ಲಿ ಇರುವುದಕ್ಕಿಂತ ತೀರ ಬೇರೆಯದಲ್ಲ.

ಹುಳಕ್ಕೂ ನೆನಪುಂಟೆ?

ಹೂ ಬಿಟ್ಟ ಸೂರ್ಯಕಾಂತಿ ಅಥವಾ ತೊಗರಿ ಹೊಲದ ಬದುವಿನಲ್ಲಿ ಸ್ವಲ್ಪ ಹೊತ್ತು ನಿಂತು ಜೇನುಹುಳುವನ್ನು ಗಮನಿಸಿ. ಅದು ಗೂಡಿನಿಂದ ಎಷ್ಟೋ ದೂರ ಹಾರಿ ಬಂದಿರುತ್ತದೆ. ಯಾವ ಹೂವಿನಲ್ಲಿ ಮಕರಂದ ಸಿಕ್ಕಿತು, ಅದರ ಬಣ್ಣ ಯಾವುದು, ವಾಸನೆ ಎಂತಹದು, ಗೂಡಿಗೆ ಹೋಗುವ ದಾರಿ ಯಾವುದು ಎಂಬುದೆಲ್ಲ ಅದಕ್ಕೆ ನೆನಪಿರಲೇಬೇಕು. ಇಲ್ಲದಿದ್ದರೆ ಹುಳು ಗೂಡಿಗೆ ಮರಳುವುದಿಲ್ಲ. ಜೇನುಹುಳು ಬಣ್ಣವನ್ನು ಕಲಿಯಬಲ್ಲುದು, ಮೇವಿನ ಜಾಗವನ್ನು ಕುಣಿತದ ಮೂಲಕ ಸಂಗಾತಿಗಳಿಗೆ ತಿಳಿಸಬಲ್ಲುದು ಎಂದು ತೋರಿಸಿದ ಕಾರ್ಲ್ ವಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು.

ಜೇನು ಒಂದೇ ಅಲ್ಲ. ನಮ್ಮ ರೈತರ ನಿದ್ದೆ ಕೆಡಿಸುವ ತೊಗರಿಯ ಕಾಯಿಕೊರಕವೂ ಕಲಿಯುತ್ತದೆ. ಇದರ ಪತಂಗ ಹಿಂದೆ ಅನುಭವವಾದ ಗಿಡವನ್ನು ಗುರುತಿಟ್ಟುಕೊಂಡು ಮತ್ತೆ ಅದೇ ಜಾತಿಯ ಗಿಡವನ್ನು ಆರಿಸುತ್ತದೆ ಎಂದು ವಿಜ್ಞಾನಿಗಳು 1998ರಲ್ಲಿ ತೋರಿಸಿದರು.

ಇಷ್ಟನ್ನೆಲ್ಲ ನೆನಪಿಡುವ ಜೇನಿನ ಮೆದುಳು ಸಾಸಿವೆ ಕಾಳಿಗಿಂತಲೂ ಚಿಕ್ಕದು. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಜೇನಿನಲ್ಲಿ ಇರುವುದು ಹೆಚ್ಚುಕಡಿಮೆ 10 ಲಕ್ಷ. ಬಾಳೆಹಣ್ಣು ಮಾಗಿದಾಗ ಎಲ್ಲಿಂದಲೋ ಬಂದು ಮುತ್ತುವ ಸಣ್ಣ ಹಣ್ಣು ನೊಣದಲ್ಲಿ ಇನ್ನೂ ಕಡಿಮೆ. ಆ ನೊಣದ ಇಡೀ ಮೆದುಳಿನ ನಕ್ಷೆ 2024ರಲ್ಲಿ ಪ್ರಕಟವಾಯಿತು. ಅದರಲ್ಲಿ 1,39,255 ನರಕೋಶಗಳನ್ನು ಎಣಿಸಿದ್ದಾರೆ. ಆದರೆ ಆ ನರಕೋಶಗಳ ನಡುವಿನ ಸಂಪರ್ಕಗಳು ಮಾತ್ರ 5 ಕೋಟಿಗೂ ಹೆಚ್ಚು! ನೆನಪಿನ ಗುಟ್ಟು ಇರುವುದು ಈ ಸಂಪರ್ಕಗಳಲ್ಲಿ.

ನರಸಂಧಿ ಎಂದರೇನು?

ಒಂದು ನರಕೋಶ ಇನ್ನೊಂದಕ್ಕೆ ತಂತಿ ಕಟ್ಟಿದ ಹಾಗೆ ನೇರವಾಗಿ ಅಂಟಿಕೊಂಡಿರುವುದು ಕಡಿಮೆ. ಸಾಮಾನ್ಯವಾಗಿ ಎರಡರ ಮಧ್ಯೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಇರುತ್ತದೆ. ಈ ಜಾಗವೇ ನರಸಂಧಿ. ವೈದ್ಯಕೀಯದಲ್ಲಿ ಇದನ್ನು ಸಿನಾಪ್ಸ್ ಎನ್ನುತ್ತೇವೆ. ಭೀಮಾ ನದಿಯ ಈ ದಡದಿಂದ ಆ ದಡಕ್ಕೆ ಸುದ್ದಿ ಮುಟ್ಟಿಸಲು ದೋಣಿ ಬೇಕಲ್ಲವೆ? ಹಾಗೆಯೇ ಈ ಬಿರುಕನ್ನು ದಾಟಲು ಒಂದು ರಾಸಾಯನಿಕ ಬೇಕು. ಮೊದಲ ನರಕೋಶ ರಾಸಾಯನಿಕವನ್ನು ಬಿಡುತ್ತದೆ, ಎರಡನೆಯದು ಅದನ್ನು ತನ್ನ ಗ್ರಾಹಕಗಳ ಮೂಲಕ ಹಿಡಿದುಕೊಳ್ಳುತ್ತದೆ. ಕೆಲವು ರಾಸಾಯನಿಕಗಳು ಮುಂದಿನ ಕೋಶವನ್ನು ಎಬ್ಬಿಸುತ್ತವೆ, ಕೆಲವು ಸುಮ್ಮನಿರಿಸುತ್ತವೆ.

ಕಲಿಯುವುದು ಎಂದರೆ ಈ ನರಸಂಧಿಗಳ ಬಲ ಬದಲಾಗುವುದು. ಒಂದು ಸಂಧಿ ಬಲವಾದರೆ ಅಲ್ಲಿ ಸುದ್ದಿ ಸುಲಭವಾಗಿ ದಾಟುತ್ತದೆ. ದುರ್ಬಲವಾದರೆ ದಾಟುವುದು ಕಷ್ಟ. ದನಕರು ಓಡಾಡಿದ ಕಡೆ ಕಾಲುದಾರಿ ಬೀಳುತ್ತದೆ, ಓಡಾಟ ನಿಂತ ಕಡೆ ಹುಲ್ಲು ಬೆಳೆದು ದಾರಿ ಮುಚ್ಚುತ್ತದೆ. ನೆನಪೂ ಹೆಚ್ಚುಕಡಿಮೆ ಹಾಗೆಯೇ.

ಕೀಟಗಳಲ್ಲಿ ಈ ಕೆಲಸ ಬಹುಪಾಲು ನಡೆಯುವ ಭಾಗ ಅಣಬೆಯ ಆಕಾರದಲ್ಲಿದೆ. ಫ್ರಾನ್ಸಿನ ಫೆಲಿಕ್ಸ್ ದುಜಾರ್ದಾ ಇದನ್ನು 1850ರಲ್ಲಿಯೇ ವರ್ಣಿಸಿದ್ದರು. ಹಣ್ಣು ನೊಣದ ಮೆದುಳಿನ ಎಡಕ್ಕೊಂದು ಬಲಕ್ಕೊಂದು ಇಂತಹ ಅಣಬೆ ಭಾಗವಿದ್ದು, ಪ್ರತಿಯೊಂದರಲ್ಲಿ ಸುಮಾರು 2,000 ನರಕೋಶಗಳಿವೆ. ಒಂದು ವಾಸನೆ ಬಂದಾಗ ಇವುಗಳಲ್ಲಿ ಕೆಲವೇ ಕೆಲವು ಎಚ್ಚರಗೊಳ್ಳುತ್ತವೆ. ಬೇರೆ ವಾಸನೆಗೆ ಬೇರೆ ಕೋಶಗಳು. ಅದೇ ಹೊತ್ತಿಗೆ ನೊಣಕ್ಕೆ ವಿದ್ಯುತ್ತಿನ ಸಣ್ಣ ಹೊಡೆತ ಕೊಟ್ಟರೆ ಡೋಪಮೈನ್ ಎಂಬ ಇನ್ನೊಂದು ರಾಸಾಯನಿಕ ಅಲ್ಲಿಗೆ ಬರುತ್ತದೆ. ಆಗ ಎಚ್ಚರವಾಗಿದ್ದ ಕೋಶಗಳಿಂದ 'ಹತ್ತಿರ ಹೋಗು' ಎನ್ನುವ ನರಕ್ಕೆ ಇರುವ ಸಂಧಿಗಳು ದುರ್ಬಲವಾಗುತ್ತವೆ. ಮುಂದೆ ಅದೇ ವಾಸನೆ ಬಂದರೆ ನೊಣ ದೂರ ಸರಿಯುತ್ತದೆ. ಸಂಧಿ ದುರ್ಬಲವಾಗುವುದು ಕೂಡ ಕಲಿಕೆಯೇ ಎಂಬುದನ್ನು ಇಲ್ಲಿ ಗಮನಿಸಬೇಕು.

ಬೆಂಗಳೂರಿನ ನೊಣಗಳು ಹೇಳಿದ್ದು

ಈ ಶಾಸ್ತ್ರಕ್ಕೆ ನಮ್ಮ ರಾಜ್ಯದ ಕೊಡುಗೆಯೂ ಇದೆ. ಪ್ರೊ. ಒಬೈದ್ ಸಿದ್ದಿಕಿ (1932-2013) ಅವರು 1970ರ ದಶಕದಲ್ಲಿ ಅಮೆರಿಕದ ಸೈಮರ್ ಬೆಂಜರ್ ಅವರ ಜೊತೆ ಹಣ್ಣು ನೊಣಗಳ ನರಗಳ ಮೇಲೆ ಕೆಲಸ ಮಾಡಿದರು. ಅನಂತರ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆ ಮೇಲೆ ಬೆಂಗಳೂರಿನಲ್ಲಿ ತಾವೇ ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ನೊಣ ವಾಸನೆಯನ್ನು ಹೇಗೆ ಅರಿಯುತ್ತದೆ ಎಂಬುದನ್ನು ಕೊನೆಯವರೆಗೂ ಅಭ್ಯಾಸ ಮಾಡಿದರು. ಅವರ ಶಿಷ್ಯೆ ವೆರೋನಿಕಾ ರಾಡ್ರಿಗಸ್ ಕೂಡ ಇದೇ ಕ್ಷೇತ್ರದಲ್ಲಿ ಹೆಸರು ಮಾಡಿದರು.

ಇದೇ ಕೇಂದ್ರದವರು ಐರ್ಲೆಂಡಿನ ಟ್ರಿನಿಟಿ ಕಾಲೇಜಿನವರೊಡನೆ ಸೇರಿ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಮಗೆಲ್ಲ ಪರಿಚಿತವಾದ ಅನುಭವವನ್ನು ವಿವರಿಸುತ್ತದೆ. ಆಸ್ಪತ್ರೆಗೆ ಹೊಸದಾಗಿ ಬಂದವರಿಗೆ ಫಿನಾಯಿಲ್ ವಾಸನೆ ಮೂಗಿಗೆ ಬಡಿಯುತ್ತದೆ. ಅಲ್ಲೇ ಇರುವ ನಮಗೆ ಅದು ಗೊತ್ತೇ ಆಗುವುದಿಲ್ಲ. ಒಂದೇ ವಾಸನೆಯಲ್ಲಿ ಅರ್ಧ ಗಂಟೆ ಇಟ್ಟ ನೊಣ ಅದಕ್ಕೆ ಸ್ವಲ್ಪ ಹೊತ್ತು ಒಗ್ಗಿಕೊಳ್ಳುತ್ತದೆ. ನಾಲ್ಕು ದಿನ ಇಟ್ಟರೆ ಒಗ್ಗಿಕೊಂಡದ್ದು ದಿನಗಟ್ಟಲೆ ಉಳಿಯುತ್ತದೆ. ಕಾರಣವೇನೆಂದರೆ ವಾಸನೆಯ ಸುದ್ದಿಯನ್ನು ತಡೆಯುವ ನರಕೋಶಗಳ ಸಂಧಿಗಳು ಬಲವಾಗುತ್ತವೆ. ಆ ಕೋಶಗಳು ಬಳಸುವ ರಾಸಾಯನಿಕದ ಹೆಸರು ಗಾಬಾ. ಮನುಷ್ಯನ ಮೆದುಳಿನಲ್ಲಿಯೂ ಸುಮ್ಮನಿರಿಸುವ ಮುಖ್ಯ ರಾಸಾಯನಿಕ ಇದೇ. ಈ ಹೆಸರು ಓದುಗರ ನೆನಪಿನಲ್ಲಿರಲಿ, ಮುಂದೆ ಮತ್ತೆ ಬರುತ್ತದೆ.

ಬೆಂಜರ್ ಅವರ ಪ್ರಯೋಗಾಲಯದಲ್ಲಿ 1976ರಲ್ಲಿ ಕಲಿಯಲಾರದ ಒಂದು ನೊಣದ ತಳಿ ಸಿಕ್ಕಿತು. ಅದಕ್ಕೆ ಅವರು 'ದಡ್ಡ' ಎಂಬ ಅರ್ಥದ ಹೆಸರನ್ನೇ ಇಟ್ಟರು. ಆ ನೊಣಕ್ಕೆ ವಾಸನೆ ತಿಳಿಯುತ್ತಿತ್ತು, ಹೊಡೆತವೂ ತಿಳಿಯುತ್ತಿತ್ತು. ಎರಡನ್ನೂ ಜೋಡಿಸಿ ನೆನಪಿಡಲು ಮಾತ್ರ ಬರುತ್ತಿರಲಿಲ್ಲ. ನರಕೋಶದೊಳಗಿನ ಒಂದೇ ಒಂದು ಕಿಣ್ವದ ದೋಷ ಇದಕ್ಕೆ ಕಾರಣವೆಂದು ಮುಂದೆ ತಿಳಿಯಿತು.

ಬಾಯಿಪಾಠ ಮಾಡುವ ಮಕ್ಕಳಿಗೆ ಒಂದು ಮಾತು

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ರಾತ್ರಿ ಬೆಳಗಿನ ತನಕ ಓದುವ ಮಕ್ಕಳ ತಂದೆತಾಯಿಗಳು ಈ ಭಾಗವನ್ನು ಗಮನವಿಟ್ಟು ಓದಬೇಕು. ಅಮೆರಿಕದ ಟಿಮ್ ಟಲ್ಲಿ ಮತ್ತು ಸಂಗಡಿಗರು 1994ರಲ್ಲಿ ಎರಡು ಗುಂಪಿನ ನೊಣಗಳಿಗೆ ಒಂದೇ ಪಾಠವನ್ನು ಹತ್ತು ಸಲ ಕಲಿಸಿದರು. ಒಂದು ಗುಂಪಿಗೆ ಬಿಡುವಿಲ್ಲದೆ, ಇನ್ನೊಂದಕ್ಕೆ ಪ್ರತಿ ಪಾಠದ ನಡುವೆ 15 ನಿಮಿಷ ಬಿಡುವು ಕೊಟ್ಟು. ಬಿಡುವು ಕೊಟ್ಟ ನೊಣಗಳ ನೆನಪು ಒಂದು ವಾರ ಉಳಿಯಿತು. ಬಿಡುವಿಲ್ಲದೆ ಕಲಿತವುಗಳ ನೆನಪು ಬೇಗ ಅಳಿಯಿತು. ಬಹುಕಾಲದ ನೆನಪಿಗೆ ನರಕೋಶ ಹೊಸ ಪ್ರೋಟೀನುಗಳನ್ನು ತಯಾರಿಸಬೇಕು. ಅದಕ್ಕೆ ಸಮಯ ಬೇಕು.

ನೊಣಗಳೂ ನಿದ್ದೆ ಮಾಡುತ್ತವೆ ಎಂಬುದು 2000ರಲ್ಲಿ ಖಚಿತವಾಯಿತು. ನಿದ್ದೆಗೆಟ್ಟ ನೊಣ ಸರಿಯಾಗಿ ಕಲಿಯುವುದಿಲ್ಲ ಎಂಬುದೂ ಆ ಮೇಲೆ ತಿಳಿಯಿತು. ಮಕ್ಕಳಲ್ಲಿಯೂ ಹೀಗೆಯೇ. ಸ್ವಲ್ಪ ಓದು, ಬಿಡುವು, ಮತ್ತೆ ಓದು, ರಾತ್ರಿ ಸಾಕಷ್ಟು ನಿದ್ದೆ. ನೆನಪಿಗೆ ಇದಕ್ಕಿಂತ ಒಳ್ಳೆಯ ಟಾನಿಕ್ ಅಂಗಡಿಯಲ್ಲಿ ಸಿಗುವುದಿಲ್ಲ.

ಹೊಸ ನೆನಪು ಹಸಿ ಗೋಡೆಯ ಹಾಗೆ. ಜರ್ಮನಿಯ ರಾಂಡಾಲ್ಫ್ ಮೆಂಜೆಲ್ ಅವರು ಜೇನುಹುಳುವಿಗೆ ಒಂದು ಪಾಠ ಕಲಿಸಿ, ಕೆಲವೇ ನಿಮಿಷಗಳೊಳಗೆ ಅದನ್ನು ತಣ್ಣಗೆ ಮಾಡಿ ಮಂಕಾಗಿಸಿದರೆ ಆ ಪಾಠ ಅಳಿಸಿಹೋಗುತ್ತದೆ ಎಂದು ತೋರಿಸಿದ್ದಾರೆ. ತಡವಾಗಿ ಮಾಡಿದರೆ ನೆನಪು ಉಳಿಯುತ್ತದೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು ಬೀಳುವ ಮುಂಚಿನ ಕೆಲವು ನಿಮಿಷಗಳನ್ನು ಮರೆತಿರುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ. ಅವರು ಸುಳ್ಳು ಹೇಳುವುದಿಲ್ಲ. ಆ ನೆನಪು ಗಟ್ಟಿಯಾಗುವ ಮೊದಲೇ ಪೆಟ್ಟು ಬಿದ್ದಿರುತ್ತದೆ.

ಎಣ್ಣೆ ಕೆಲಸ ಮಾಡುವುದು ಎಲ್ಲಿ?

ಈಗ ರೈತರ ಪ್ರಶ್ನೆಗೆ ಬರೋಣ. ಕೀಟದ ಮೆದುಳಿನಲ್ಲಿ ನರಕೋಶಗಳನ್ನು ಎಬ್ಬಿಸುವ ಮುಖ್ಯ ರಾಸಾಯನಿಕ ಅಸಿಟೈಲ್‌ಕೋಲಿನ್. ನೆನಪಿನ ಅಣಬೆ ಭಾಗದ ಕೋಶಗಳು ಬಳಸುವುದೂ ಇದನ್ನೇ. ಇದು ತನ್ನ ಕೆಲಸ ಮುಗಿಸಿದ ಕೂಡಲೇ ಒಂದು ಕಿಣ್ವ ಬಂದು ಇದನ್ನು ಒಡೆದು ಹಾಕಬೇಕು. ಇಲ್ಲವಾದರೆ ಸಂಧಿಯಲ್ಲಿ ಗದ್ದಲವೋ ಗದ್ದಲ. ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್, ಕ್ವಿನಾಲ್‌ಫಾಸ್ ಮೊದಲಾದ ಆರ್ಗನೋಫಾಸ್ಫೇಟ್ ಗುಂಪಿನ ಎಣ್ಣೆಗಳು ಈ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂತಹವು ಅಸಿಟೈಲ್‌ಕೋಲಿನ್ ಕೂರಬೇಕಾದ ಗ್ರಾಹಕದ ಮೇಲೆ ತಾವೇ ಹೋಗಿ ಕೂರುತ್ತವೆ.

ಪ್ರಮಾಣ ಹೆಚ್ಚಾದರೆ ಹುಳು ಸಾಯುತ್ತದೆ. ಕಡಿಮೆಯಾದರೆ? ಫ್ರಾನ್ಸಿನಲ್ಲಿ ಜೇನುಹುಳುಗಳ ಬೆನ್ನಿಗೆ ಸಣ್ಣ ರೇಡಿಯೋ ಗುರುತು ಅಂಟಿಸಿ, ಸಾಯದಷ್ಟು ಥಯಾಮೆಥಾಕ್ಸಾಮ್ ಕೊಟ್ಟು ಬಿಟ್ಟರು. ಅನೇಕ ಹುಳುಗಳು ಗೂಡಿಗೆ ಮರಳಲಿಲ್ಲ ಎಂದು 2012ರಲ್ಲಿ ವರದಿಯಾಯಿತು. ಮರುವರ್ಷ ಸ್ಕಾಟ್ಲೆಂಡಿನ ವಿಜ್ಞಾನಿಗಳು ಈ ಎರಡೂ ಗುಂಪಿನ ರಾಸಾಯನಿಕಗಳು ಜೇನಿನ ಅಣಬೆ ಭಾಗದ ಕೋಶಗಳನ್ನು ಸ್ತಬ್ಧಗೊಳಿಸುವುದನ್ನು ತೋರಿಸಿದರು. ಹುಳು ಸತ್ತಿರುವುದಿಲ್ಲ, ಮರೆತಿರುತ್ತದೆ. ಯುರೋಪಿನ ಒಕ್ಕೂಟ 2018ರಲ್ಲಿ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಸೇರಿದಂತೆ ಈ ಗುಂಪಿನ ಮೂರು ರಾಸಾಯನಿಕಗಳನ್ನು ಬಯಲು ಹೊಲಗಳಲ್ಲಿ ಬಳಸುವುದನ್ನು ನಿಷೇಧಿಸಿತು.

ಇದೇ ಅಸಿಟೈಲ್‌ಕೋಲಿನ್, ಅದನ್ನು ಒಡೆಯುವ ಇದೇ ಬಗೆಯ ಕಿಣ್ವ ನಮ್ಮ ದೇಹದಲ್ಲಿಯೂ ಇವೆ. ನಮ್ಮಲ್ಲಿ ಅಸಿಟೈಲ್‌ಕೋಲಿನ್ ಸ್ನಾಯುಗಳನ್ನು ಆಡಿಸುತ್ತದೆ, ಜೊಲ್ಲು, ಬೆವರು, ಕರುಳಿನ ಚಲನೆಗಳನ್ನು ನಡೆಸುತ್ತದೆ, ಮೆದುಳಿನಲ್ಲಿ ಗಮನ ಮತ್ತು ನೆನಪಿಗೆ ನೆರವಾಗುತ್ತದೆ. ಮರೆವಿನ ಕಾಯಿಲೆಯ ವೃದ್ಧರಿಗೆ ನಾವು ಕೊಡುವ ಡೊನೆಪೆಜಿಲ್ ಮಾತ್ರೆ ಕೂಡ ಈ ಕಿಣ್ವವನ್ನೇ ಅಳತೆ ಮಾಡಿ ಸ್ವಲ್ಪ ತಡೆಯುತ್ತದೆ. ಹಾಗೆಂದು ಎಣ್ಣೆ ನೆನಪಿಗೆ ಒಳ್ಳೆಯದು ಎಂದು ಯಾರೂ ಭಾವಿಸಬಾರದು! ಮಾತ್ರೆಯಲ್ಲಿ ಮಿಲಿಗ್ರಾಮಿನ ಲೆಕ್ಕವಿದೆ. ಬೆನ್ನಿಗೆ ಕಟ್ಟಿದ ಪಂಪಿನಿಂದ ಸೋರಿ ಅಂಗಿ ತೊಯ್ದು ಚರ್ಮದೊಳಗೆ ಇಳಿಯುವ ಎಣ್ಣೆಗೆ ಯಾವ ಲೆಕ್ಕವಿದೆ?

ಆರ್ಗನೋಫಾಸ್ಫೇಟ್ ವಿಷವೇರಿ ಆಸ್ಪತ್ರೆಗೆ ಸೇರಿ ಗುಣವಾಗಿದ್ದ ನಿಕರಾಗುವಾ ದೇಶದ ಕೃಷಿ ಕಾರ್ಮಿಕರನ್ನು ಸುಮಾರು ಎರಡು ವರ್ಷಗಳ ನಂತರ ಪರೀಕ್ಷಿಸಿದಾಗ, ಅವರ ನೆನಪು ಮತ್ತು ಗಮನದ ಶಕ್ತಿ ಇತರರಿಗಿಂತ ಕಡಿಮೆ ಇತ್ತು ಎಂದು 1991ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ನಮ್ಮ ರೈತರು "ತಲಿ ಕೆಲಸ ಮಾಡಂಗಿಲ್ಲ" ಎಂದಾಗ ಅದನ್ನು ಸೋಮಾರಿತನವೆಂದು ತಳ್ಳಿಹಾಕಬಾರದು.

ಮೇಲೆ ಹೇಳಿದ ಗಾಬಾ ನೆನಪಿದೆಯೆ? ಒಂದು ಕಾಲದಲ್ಲಿ ತೊಗರಿಗೂ ಹೊಡೆಯುತ್ತಿದ್ದ ಎಂಡೋಸಲ್ಫಾನ್ ಈ ಗಾಬಾದ ಗ್ರಾಹಕವನ್ನೇ ಮುಚ್ಚುತ್ತದೆ. ತಡೆಯುವವರು ಇಲ್ಲವಾದರೆ ನರಗಳು ಹತೋಟಿ ತಪ್ಪುತ್ತವೆ, ಮೂರ್ಛೆ ಬರುತ್ತದೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕಗಳ ಕಾಲ, 2000ದವರೆಗೆ, ಇದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಅಲ್ಲಿನ ಪಡ್ರೆ ಎಂಬ ಕನ್ನಡದ ಹಳ್ಳಿಯಲ್ಲಿ ಬುದ್ಧಿಮಾಂದ್ಯ, ಮೂರ್ಛೆ ಮುಂತಾದ ಕಾಯಿಲೆಗಳು ಅಸಹಜವಾಗಿ ಹೆಚ್ಚಿರುವುದನ್ನು 1990ರ ದಶಕದಲ್ಲಿ ಮೊದಲು ಗಮನಿಸಿ ಎಚ್ಚರಿಸಿದವರು ಅಲ್ಲಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ದೇಶದಾದ್ಯಂತ ಅದರ ತಯಾರಿಕೆ, ಮಾರಾಟಗಳನ್ನು ತಡೆಯಿತು.

ನೀವು ಮಾಡಬೇಕಾದ್ದು

ಎಣ್ಣೆ ಹೊಡೆಯಲೇಬೇಡಿ ಎಂದು ನಾನು ಹೇಳುವುದಿಲ್ಲ. ಬೆಳೆ ಹೋದರೆ ಮನೆ ನಡೆಯುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಈ ಕೆಳಗಿನ ವಿಷಯಗಳನ್ನು ತಪ್ಪದೆ ಪಾಲಿಸಿ.

1. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಎಂದರೆ ಅತಿ ಘೋರ ವಿಷ, ಅನಂತರ ಹಳದಿ, ಆ ಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಇದ್ದ ಮಾತ್ರಕ್ಕೆ ಅದು ನೀರಲ್ಲ.

2. ಕೈಯಿಂದ ಕಲಸಬೇಡಿ, ಕೋಲು ಬಳಸಿ. ಎರಡು ಮೂರು ಎಣ್ಣೆಗಳನ್ನು ಮನಸ್ಸಿಗೆ ಬಂದಂತೆ ಬೆರೆಸಬೇಡಿ. ಸೋರುವ ಪಂಪನ್ನು ಬೆನ್ನಿಗೆ ಹಾಕಬೇಡಿ.

3. ತುಂಬು ತೋಳಿನ ಅಂಗಿ, ಕೈಗವಸು, ಮುಖಕ್ಕೆ ರಕ್ಷಣೆ ಇರಲಿ. ಬಟ್ಟೆ ಎಣ್ಣೆಯಿಂದ ತೊಯ್ದರೆ ಆ ಕ್ಷಣವೇ ತೆಗೆದು ಸೋಪಿನಿಂದ ಮೈ ತೊಳೆಯಿರಿ. ವಿಷ ಬಾಯಿಂದಲೇ ಹೋಗಬೇಕೆಂದಿಲ್ಲ, ಚರ್ಮದಿಂದಲೂ ಒಳಗೆ ಇಳಿಯುತ್ತದೆ.

4. ಗಾಳಿಗೆ ಎದುರಾಗಿ ಹೊಡೆಯಬೇಡಿ. ಹೂ ಇರುವಾಗ ಹೊಡೆಯಲೇಬೇಕಾದರೆ ಸಂಜೆ, ಜೇನುಹುಳುಗಳು ಗೂಡು ಸೇರಿದ ಮೇಲೆ ಹೊಡೆಯಿರಿ. ಬಿಸಿಲು ಇಳಿದಿರುವುದರಿಂದ ನಿಮಗೂ ಒಳ್ಳೆಯದು.

5. ಕೈ ತೊಳೆಯದೆ ಬೀಡಿ, ತಂಬಾಕು, ರೊಟ್ಟಿ ಯಾವುದನ್ನೂ ಮುಟ್ಟಬೇಡಿ.

6. ಮಕ್ಕಳನ್ನು ಮತ್ತು ಗರ್ಭಿಣಿಯರನ್ನು ಈ ಕೆಲಸದ ಹತ್ತಿರಕ್ಕೂ ಕರೆಯಬೇಡಿ. ಮಗುವಿನ ಮೆದುಳಿನಲ್ಲಿ ನರಸಂಧಿಗಳು ಇನ್ನೂ ಕಟ್ಟಿಕೊಳ್ಳುತ್ತಿರುತ್ತವೆ. ಎಣ್ಣೆಯ ಖಾಲಿ ಡಬ್ಬಿಯಲ್ಲಿ ನೀರು, ಅಡುಗೆ ಎಣ್ಣೆ ತುಂಬಿಡಬೇಡಿ.

7. ಜೊಲ್ಲು, ಬೆವರು, ಕಣ್ಣೀರು ಸುರಿಯುವುದು, ವಾಂತಿ, ಕಣ್ಣು ಮಂಜು, ಸ್ನಾಯು ಅದುರುವುದು, ಉಸಿರಾಟದ ಕಷ್ಟ ಕಂಡರೆ ರೋಗಿಯನ್ನು ಹೊಲದಿಂದ ಹೊರತಂದು, ಬಟ್ಟೆ ತೆಗೆದು, ಸೋಪಿನಿಂದ ತೊಳೆದು, ಒಂದು ಮಗ್ಗುಲಿಗೆ ಮಲಗಿಸಿ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ತೊಳೆಯುವವರೂ ಕೈಗೆ ರಕ್ಷಣೆ ಹಾಕಿಕೊಳ್ಳಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಎಣ್ಣೆಯ ಡಬ್ಬಿಯನ್ನು ಜೊತೆಗೆ ತನ್ನಿ. ಯಾವ ವಿಷವೆಂದು ತಿಳಿದರೆ ಆಟ್ರೋಪಿನ್ ಮೊದಲಾದ ಮದ್ದನ್ನು ತಡವಿಲ್ಲದೆ ಕೊಡಬಹುದು.

8. ಮರೆವು ವಾರಗಳಾದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ರಕ್ತಹೀನತೆ, ಬಿ12 ಕೊರತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಮದ್ಯ, ನಿದ್ದೆಗೇಡು ಇವೂ ಕಾರಣವಿರಬಹುದು. ಎಲ್ಲದಕ್ಕೂ ಎಣ್ಣೆಯನ್ನೇ ದೂರಬಾರದು.

ಮುಂಜಾನೆ ತೊಗರಿ ಗಿಡಗಳನ್ನು ಅಲುಗಾಡಿಸಿ, ಕೆಳಗೆ ಹಾಸಿದ ಚಾದರದ ಮೇಲೆ ಹುಳ ಬೀಳಿಸಿ ಆರಿಸುವ ಹಳೆಯ ಪದ್ಧತಿಯನ್ನು ಹಿರಿಯರು ಬಲ್ಲರು. ಬೇವಿನ ಬೀಜದ ಕಷಾಯ, ಮೋಹಕ ಬಲೆ, ಹಕ್ಕಿ ಕೂರಲು ನೆಡುವ ಗೂಟಗಳ ವಿಷಯವನ್ನು ಕೃಷಿ ಇಲಾಖೆಯವರಲ್ಲಿ ವಿಚಾರಿಸಿ. ಒಂದು ಸಲದ ಸಿಂಪಡಣೆ ಕಡಿಮೆಯಾದರೂ ನಿಮ್ಮ ಮೈಗೆ ಅಷ್ಟು ಲಾಭವೇ.

ಆ ರೈತರಿಗೆ ನಾನು ಕೊಟ್ಟ ಉತ್ತರವನ್ನು ನಿಮಗೂ ಹೇಳಿ ಮುಗಿಸುತ್ತೇನೆ. ಎಣ್ಣೆಗೆ ಹುಳ ಯಾವುದು, ಮನುಷ್ಯ ಯಾರು ಎಂಬುದು ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ನರಸಂಧಿ ಒಂದೇ. ಹುಳಕ್ಕೂ ಅದು ಇದೆ, ಜೇನಿಗೂ ಇದೆ, ನಿಮಗೂ ಇದೆ. ಹುಳ ಸಣ್ಣದು, ಬೇಗ ಸಾಯುತ್ತದೆ. ನಾವು ದೊಡ್ಡವರಾದ್ದರಿಂದ ಬದುಕಿ ಉಳಿಯುತ್ತೇವೆ. ಆದರೆ ಗೂಡಿನ ದಾರಿ ಮರೆತ ಜೇನಿನ ಹಾಗೆ, ರೊಕ್ಕ ಯಾರಿಗೆ ಕೊಟ್ಟೆವು ಎಂಬುದನ್ನು ಮರೆತಿರುತ್ತೇವೆ.